ಸ್ವರ್ಣಕಮಲ ಬಂತು, ಸಿನೆಮಾ ಮನೆಗೆ ಬರಲಿಲ್ಲ

ಈದ್ ಕಳೆದು ಮೂರನೇ ದಿನ. ಬಂದ ನೆಂಟರಲ್ಲಿ ಅರ್ಧ ಜನ ಹೊರಟು ಆಗಿತ್ತು. ಮಗ್ರಿಬ್ ನಮಾಝ್ ಮುಗಿಸಿ, ಉಳಿದ ಪತ್ತಿರ್ ಅನ್ನು ಕೋಳಿ ಸಾರಿಗೆ ಅದ್ದಿ ತಿನ್ನುತ್ತಾ ನಮ್ಮ ಮನೆಯವರೆಲ್ಲ ಟಿವಿಯ ಮುಂದೆ ಕುಳಿತಿದ್ದೆವು. ದುಬೈಯಿಂದ ರಜೆಯಲ್ಲಿ ಬಂದ ತಮ್ಮನಿಗೆ ಮಲಯಾಳಂ ಸಿನೆಮಾ ಆಗಬೇಕು. ಕಾಲೇಜಿಗೆ ಹೋಗುವ ಮಗಳಿಗೆ ಕೊರಿಯಾದ ಸೀರಿಯಲ್ಲು. ಉಮ್ಮನಿಗೆ ತನ್ನ ಕನ್ನಡ ಧಾರಾವಾಹಿ ತಪ್ಪಬಾರದು. ರಿಮೋಟು ಕೈಯಿಂದ ಕೈಗೆ ಹೋಗುತ್ತಿತ್ತು.

ಜಗಳ ಬಿಡಿಸಲಿಕ್ಕೆಂದು ನಾವೊಂದು ಮಾತು ಹಾಕಿದೆವು. "ನಮ್ಮ ಭಾಷೆಯದ್ದೇ ಒಂದು ಸಿನೆಮಾ ಉಂಟಲ್ಲ, 'ಬ್ಯಾರಿ' ಅಂತ. ಯಾರಾದ್ರೂ ನೋಡಿದ್ದೀರಾ?"

ಏಳು ಜನ ಇದ್ದರು. ಒಬ್ಬರೂ ನೋಡಿಲ್ಲ. "ಅದಕ್ಕೆ ದೊಡ್ಡ ಪ್ರಶಸ್ತಿ ಬಂದದ್ದಲ್ವಾ?" ಎಂದ ತಮ್ಮ. "ತಲಾಕ್ ಕಥೆ ಅಲ್ವಾ ಅದು?" ಎಂದಳು ಮಗಳು. ಉಮ್ಮ ಮಾತ್ರ ನೇರವಾಗಿ ಹೇಳಿದರು: "ಟಿವಿಯಲ್ಲಿ ಬಂದಿದ್ರೆ ನೋಡ್ತಿದ್ದೆ. ನನ್ನ ಕಣ್ಣಿಗೆ ಬೀಳ್ಲೇ ಇಲ್ಲ." ಹೆಚ್ಚು ಹೇಳುವುದೇನು, ಈ ಪುಟಕ್ಕೆ ಬರೆಯುವ ನಾವೂ ಆ ಸಿನೆಮಾದ ಬಗ್ಗೆ ಓದಿದ್ದೇ ಹೆಚ್ಚು.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಒಂದು ಸಿನೆಮಾ ಗೆದ್ದಿತು ಎಂದು ಯಾವಾಗ ಹೇಳಬೇಕು? ಪ್ರಶಸ್ತಿ ಬಂದಾಗಲೇ, ಹಣ ಬಂದಾಗಲೇ, ಅಥವಾ ಯಾರ ಕಥೆಯೋ ಅವರ ಮನೆಯೊಳಗೆ ಅದು ಬಂದು ಕುಳಿತಾಗಲೇ? ನಮ್ಮ ಭಾಷೆಯ ಮೊದಲ ಸಿನೆಮಾಕ್ಕೆ ಮೊದಲನೆಯದ್ದು ಸಿಕ್ಕಿತು. ಮೂರನೆಯದ್ದು, ಕಡೇಪಕ್ಷ ನಮ್ಮ ಮನೆಯ ಮಟ್ಟಿಗೆ, ಸಿಗಲಿಲ್ಲ. ಯಾಕೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಹೆಜ್ಜೆಯೇ ಕೊನೆಯ ಮೆಟ್ಟಿಲಿಗೆ

2012ರ ಮಾರ್ಚ್ ತಿಂಗಳಲ್ಲಿ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದವು. ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಮರಾಠಿಯ 'ದೇವೂಳ್' ಜೊತೆಗೆ ಹಂಚಿಕೊಂಡದ್ದು 'ಬ್ಯಾರಿ'. ನಿರ್ದೇಶಕ ಕೆ.ಪಿ. ಸುವೀರನ್ ಕೇರಳದವರು, ರಂಗಭೂಮಿಯಿಂದ ಬಂದವರು. ನಾದಿರಾ ಎಂಬ ಹೆಣ್ಣುಮಗಳ ಪಾತ್ರ ಮಾಡಿದ ಮಲ್ಲಿಕಾ ಅವರಿಗೆ ತೀರ್ಪುಗಾರರ ವಿಶೇಷ ಉಲ್ಲೇಖ ಸಿಕ್ಕಿತು. ಅಲ್ಲಿಯವರೆಗೆ ಒಂದೂ ಸಿನೆಮಾ ಇಲ್ಲದಿದ್ದ ಭಾಷೆಯೊಂದು ದೇಶದ ಅತಿ ದೊಡ್ಡ ಸಿನೆಮಾ ಗೌರವವನ್ನು ಮೊದಲ ಪ್ರಯತ್ನದಲ್ಲೇ ಪಡೆಯಿತು. ಇದು ಸಣ್ಣ ಸಂಗತಿಯಲ್ಲ. "ಬ್ಯಾರಿ ಒಂದು ಭಾಷೆಯೇ?" ಎಂದು ಕೇಳುತ್ತಿದ್ದವರಿಗೆ ದಿಲ್ಲಿಯಿಂದಲೇ ಉತ್ತರ ಬಂದ ಹಾಗಾಯಿತು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲು ಉಂಟು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾಯಕಿಯ ಹೆಸರೂ ನಾದಿರಾ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅದನ್ನು ಬರೆದದ್ದು 1980ರ ದಶಕದ ಆರಂಭದಲ್ಲಿ, 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ. ತನ್ನ ಕಾದಂಬರಿಯ ಕಥೆಯನ್ನು ಅನುಮತಿ ಇಲ್ಲದೆ ಬಳಸಿಕೊಂಡಿದ್ದಾರೆ ಎಂದು ಆರೋಪಿಸಿ ಅವರು ನ್ಯಾಯಾಲಯಕ್ಕೆ ಹೋದರು. ನಮ್ಮ ಭಾಷೆಯ ಮೊದಲ ಸಿನೆಮಾದ ಹೆಸರು ಪತ್ರಿಕೆಗಳಲ್ಲಿ ಎಷ್ಟು ಸಲ ಪ್ರಶಸ್ತಿಯ ಜೊತೆ ಬಂತೋ, ಅಷ್ಟೇ ಸಲ ಮೊಕದ್ದಮೆಯ ಜೊತೆಗೂ ಬಂತು. ಇಂಥ ಕಥೆಯನ್ನು ಮೊದಲು ಧೈರ್ಯದಿಂದ ಬರೆದ ಲೇಖಕಿ ಸಂತೋಷದ ದಿನ ಜೊತೆಯಲ್ಲಿ ಇರಲಿಲ್ಲ. ಸಾರಾ ಅವರು 2023ರ ಜನವರಿಯಲ್ಲಿ ತೀರಿಹೋದರು. ಸಿನೆಮಾ ಮಾಡುವವರು ಈ ಘಟನೆಯಿಂದ ಬೇರೇನೂ ಕಲಿಯದಿದ್ದರೂ, ಮೊದಲ ಬಾಗಿಲು ತಟ್ಟಬೇಕಾದದ್ದು ಬರೆದವರ ಮನೆಯದ್ದು ಎಂಬುದನ್ನಾದರೂ ಕಲಿಯಬೇಕು.

ಮೂರು ಸಿನೆಮಾ, ಮೂರು ಪ್ರಶಸ್ತಿ

ಕರ್ನಾಟಕದ ಮುಸ್ಲಿಂ ಮನೆಯೊಳಗಿನ ಕಥೆ ಹೇಳಿ ರಾಷ್ಟ್ರಮಟ್ಟದಲ್ಲಿ ಹೆಸರಾದ ಸಿನೆಮಾಗಳನ್ನು ನೆನಪಿಸಿಕೊಳ್ಳಿ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಹಸೀನಾ'. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿದ್ದು. ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಲು ಜಮಾಅತ್‌ನ ಮುಂದೆ ಹೋಗುವ ಕಥೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಆಮೇಲೆ ಕಾಸರವಳ್ಳಿಯವರದ್ದೇ 'ಗುಲಾಬಿ ಟಾಕೀಸ್', ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಅದರಲ್ಲಿ ಸೂಲಗಿತ್ತಿ ಗುಲಾಬಿಯಾದ ಉಮಾಶ್ರೀ ಅವರಿಗೂ ರಾಷ್ಟ್ರ ಪ್ರಶಸ್ತಿ. ಮೂರನೆಯದ್ದು 'ಬ್ಯಾರಿ'. ಬ್ಯಾರಿಯಲ್ಲಿ ಆಮೇಲೆ ಬಂದ ಬೆರಳೆಣಿಕೆಯ ಸಿನೆಮಾಗಳಲ್ಲಿ ಒಂದರ ಹೆಸರೇ 'ಟ್ರಿಪಲ್ ತಲಾಕ್'.

ಈ ನೋವು ಸುಳ್ಳು ಎಂದು ಹೇಳುವವರು ನಾವಲ್ಲ. ಸಾರಾ ಮತ್ತು ಬಾನು ಇಬ್ಬರೂ ಒಳಗಿನಿಂದಲೇ ಬರೆದವರು, ಬರೆದದ್ದಕ್ಕೆ ಬೈಗುಳವನ್ನೂ ತಿಂದವರು. ಅವರು ಬರೆಯದಿದ್ದರೆ ಎಷ್ಟೋ ಮಾತು ಅಡುಗೆಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಮನೆಗಳಲ್ಲೂ ಹೆಮ್ಮೆಪಟ್ಟವರು ಕಡಿಮೆ ಇರಲಿಲ್ಲ.

ಆದರೆ ಸಿನೆಮಾ ಎಂಬ ದೃಷ್ಟಿಯಿಂದ ನೋಡಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಪರದೆಯ ಮೇಲೆ ನಮ್ಮ ಮನೆ ಕಾಣಿಸುವುದು ಹೆಚ್ಚಾಗಿ ಮನೆ ಮುರಿಯುವ ದಿನ. ಅದರ ಹಿಂದಿನ ದಿನ ಆ ಮನೆಯಲ್ಲಿ ಏನಾಗುತ್ತಿತ್ತು? ಸೊಸೆ ಮತ್ತು ಅತ್ತೆ ಸೇರಿ ಯಾರನ್ನು ನೋಡಿ ನಕ್ಕರು? ಮದ್ರಸದಿಂದ ಬಂದ ಹುಡುಗ ಚಪ್ಪಲಿ ಕಳೆದುಕೊಂಡು ಯಾವ ಸುಳ್ಳು ಹೇಳಿದ? ಗಲ್ಫಿನಿಂದ ಬಂದ ಪೆಟ್ಟಿಗೆ ಬಿಚ್ಚುವಾಗ ಯಾರ ಮುಖ ಸಣ್ಣದಾಯಿತು? ಮುರಿಯುವುದು ಎಂಥ ಮನೆ ಎಂದು ನೋಡುವವನಿಗೆ ಗೊತ್ತಾಗಬೇಕಾದರೆ ಆ ಮನೆ ನಿಂತಿದ್ದಾಗ ಹೇಗಿತ್ತು ಎಂದು ತೋರಿಸಬೇಕಲ್ಲ.

ಮೂರರಲ್ಲಿ 'ಗುಲಾಬಿ ಟಾಕೀಸ್' ಇದನ್ನು ಚೆನ್ನಾಗಿ ಮಾಡಿದೆ. ಗುಲಾಬಿಗೆ ಸಿನೆಮಾ ಹುಚ್ಚು. ಹೆರಿಗೆ ಮಾಡಿಸಿದ ಉಪಕಾರಕ್ಕೆ ಶ್ರೀಮಂತರ ಮನೆಯಿಂದ ಅವಳಿಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಬರುತ್ತದೆ. ಮೀನುಗಾರರ ಕೇರಿಯ ಹೆಂಗಸರು, ಮಕ್ಕಳು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಕುಂದಾಪುರದ ಕಡೆಯ ಕನ್ನಡ ಕೇಳಿಸುತ್ತದೆ. ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಊರು ಎರಡಾಗುವಾಗ ನಮಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಯಾಕೆಂದರೆ ಆ ಟಿವಿಯ ಮುಂದೆ ಎಲ್ಲರೂ ಒಟ್ಟಿಗೆ ಕುಳಿತದ್ದನ್ನು ನಾವು ಮೊದಲೇ ನೋಡಿದ್ದೇವೆ. ಭಾಷಣದಲ್ಲಿ ಸೌಹಾರ್ದ ಎಂದು ಹತ್ತು ಸಲ ಹೇಳಿದರೂ ಬಾರದ ಸಂಕಟ ಅದು.

ಪುಟ್ಟಕ್ಕ ಒಳಗೆ ಬಂದದ್ದು ಹೇಗೆ

ಗುಲಾಬಿಯಾಗಿದ್ದ ಉಮಾಶ್ರೀ ನಮ್ಮ ಉಮ್ಮನಿಗೆ ಗೊತ್ತು, ಆದರೆ ಗುಲಾಬಿಯಾಗಿ ಅಲ್ಲ, ಪುಟ್ಟಕ್ಕನಾಗಿ. ಝೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಎಷ್ಟು ಮನೆ ತಲುಪಿತು ಎಂದು ಓದುಗರಿಗೆ ನಾವು ಹೇಳಬೇಕಿಲ್ಲ. ಅದರ ಕಥೆ ಏನು? ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದಳು.

'ಹಸೀನಾ'ದ ನೋವೂ ಇದೇ ಅಲ್ವಾ? ಒಂದೇ ಅನ್ಯಾಯ. ಒಂದಕ್ಕೆ ದಿಲ್ಲಿಯಲ್ಲಿ ಪ್ರಶಸ್ತಿ. ಇನ್ನೊಂದಕ್ಕೆ ಬ್ಯಾರಿ ಮನೆಯ ಉಮ್ಮನೂ ಅಸರ್ ನಂತರವೇ ಅಡುಗೆ ಮುಗಿಸಿ ಕಾದು ಕೂರುತ್ತಿದ್ದರು. ಯಾಕೆ?

ಒಂದು ಕಾರಣ ಸರಳ. ಪುಟ್ಟಕ್ಕ ತಾನಾಗಿಯೇ ಮನೆಗೆ ಬರುತ್ತಿದ್ದಳು, ಟಿಕೆಟ್ ಬೇಡ, ಪೇಟೆಗೆ ಹೋಗುವುದು ಬೇಡ, ಯಾರ ಅನುಮತಿಯೂ ಬೇಡ. 'ಹಸೀನಾ'ವನ್ನು ನೋಡಬೇಕಾದರೆ ಅದು ಎಲ್ಲಿ, ಯಾವಾಗ ಎಂದು ಹುಡುಕಿಕೊಂಡು ಹೋಗಬೇಕಿತ್ತು. ಥಿಯೇಟರಿಗೆ ಹೋಗುವ ರೂಢಿಯೇ ಕಡಿಮೆ ಇದ್ದ ಹೆಂಗಸರ ಕಥೆಯನ್ನು ಅವರೇ ಹೋಗದ ಜಾಗದಲ್ಲಿ ತೋರಿಸಿದ ಹಾಗಾಯಿತು.

ಎರಡನೆಯದ್ದು ಇನ್ನೂ ಮುಖ್ಯ. ಪುಟ್ಟಕ್ಕ ಬರೀ ಅನ್ಯಾಯಕ್ಕೆ ಒಳಗಾದ ಹೆಂಗಸಲ್ಲ. ಅವಳು ಸಾರು ಕುದಿಸುತ್ತಾಳೆ, ಮಕ್ಕಳಿಗೆ ಬೈಯುತ್ತಾಳೆ, ಗಿರಾಕಿಯ ಹತ್ತಿರ ಚೌಕಾಸಿ ಮಾಡುತ್ತಾಳೆ. ಅವಳ ದುಃಖದ ಜೊತೆಗೆ ಅವಳ ಕೆಲಸವೂ ನಮಗೆ ಕಾಣುತ್ತದೆ. ಕೆಲಸ ಮಾಡುವ ಹೆಂಗಸನ್ನು ನೋಡಿದರೆ ಇನ್ನೊಬ್ಬ ಕೆಲಸ ಮಾಡುವ ಹೆಂಗಸಿಗೆ ಪರಿಚಯ ಕೇಳಬೇಕಿಲ್ಲ. ಉಮ್ಮ ಹೇಳುವುದು ಹಾಗೆಯೇ: "ಅವಳು ಸೌಟು ಹಿಡಿದದ್ದು ನೋಡು, ಅಡುಗೆ ಗೊತ್ತಿರುವವಳೇ."

ಹಾಗೆಂದು ಧಾರಾವಾಹಿಯ ದಾರಿಯೇ ಸರಿ ಎನ್ನಲಿಕ್ಕೂ ಆಗುವುದಿಲ್ಲ. ಟಿವಿಯ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದರೆ ಕಥೆಗಳು ಯಾಕೆ ಹಳ್ಳ ಹಿಡಿಯುತ್ತವೆ ಎಂದೂ ಗೊತ್ತಾಗುತ್ತದೆ. ನಾವೆಲ್ಲ ಟಿಆರ್‌ಪಿ ಎನ್ನುತ್ತೇವಲ್ಲ, ಆ ಅಂಕಿ ಬರುವುದು ಬಾರ್ಕ್ ಎಂಬ ಸಂಸ್ಥೆಯಿಂದ. ದೇಶದ 50 ಸಾವಿರಕ್ಕೂ ಹೆಚ್ಚು ಆಯ್ದ ಮನೆಗಳಲ್ಲಿ ಅದರ ಮೀಟರ್ ಇದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್. ನೋಡಲು ಕುಳಿತಾಗ ಒತ್ತಬೇಕು. ಆ ಮನೆಗಳು ನೋಡಿದ್ದನ್ನು ಇಡೀ ದೇಶ ನೋಡಿತೆಂದು ಲೆಕ್ಕ ಹಾಕಿ ವಾರಕ್ಕೊಮ್ಮೆ ಅಂಕಿ ಕೊಡುತ್ತಾರೆ. ಜಾಹೀರಾತಿನ ದರ ನಿಲ್ಲುವುದು ಅದರ ಮೇಲೆ. ಅಂಕಿ ಚೆನ್ನಾಗಿದ್ದರೆ ಮುಗಿಯಬೇಕಾದ ಕಥೆಯೂ ಮುಗಿಯುವುದಿಲ್ಲ. ಬಿದ್ದರೆ ಯಾರಿಗಾದರೂ ಅಪಘಾತ, ಯಾರಿಗಾದರೂ ಮರೆವು, ಯಾರಿಗಾದರೂ ವಿಷ.

ನಟರ ಅನುಕೂಲಕ್ಕೂ ಕಥೆ ಬಗ್ಗಬೇಕಾಗುತ್ತದೆ. ಪುಟ್ಟಕ್ಕನ ಮಗಳು ಸ್ನೇಹಾಳ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಹೊರಗೆ ಬಂದಾಗ ಸ್ನೇಹಾಳನ್ನೇ ಸಾಯಿಸಲಾಯಿತು. ನಮ್ಮ ಉಮ್ಮ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ "ಇನ್ನು ಇದರಲ್ಲಿ ಎಂತ ಉಂಟು" ಎಂದರು. ಮೂರನೇ ದಿನ ಮತ್ತೆ ಕುಳಿತರು ಎಂಬುದು ಬೇರೆ ಮಾತು.

ಕೊನೆ ಎಲ್ಲಿ ಎಂದು ಮೊದಲೇ ನಿರ್ಧರಿಸಿದ ಧಾರಾವಾಹಿಗಳೂ ಗೆದ್ದಿವೆ. ಪಾಕಿಸ್ತಾನದ 'ಹಮ್‌ಸಫರ್' 23 ಕಂತುಗಳಲ್ಲಿ ಮುಗಿಯಿತು. 2014ರಲ್ಲಿ ಝಿಂದಗಿ ವಾಹಿನಿಯಲ್ಲಿ ಅದು ಬಂದಾಗ ಉರ್ದು, ಹಿಂದಿ ಅರ್ಥವಾಗುವ ನಮ್ಮ ಮನೆಗಳಲ್ಲೂ ನೋಡಿದವರಿದ್ದರು. ಅದರಲ್ಲಿ ದೊಡ್ಡ ಸಾಹಸವೇನೂ ಇಲ್ಲ. ಒಂದು ಮದುವೆ, ಒಂದು ಅನುಮಾನ, ಅತ್ತೆಯ ಒಂದು ಸಂಚು. ಆದರೆ ಹೇಳಬೇಕಾದದ್ದನ್ನು ಹೇಳಿ ಎದ್ದುಹೋಗುವ ನೆಂಟನ ಮರ್ಯಾದೆ ಅದಕ್ಕಿತ್ತು.

ಮಲಪ್ಪುರಂನ ಇಬ್ಬರು ಉಮ್ಮಂದಿರು

ಅಂದು ಸಂಜೆ ಕೊನೆಗೆ ಗೆದ್ದದ್ದು ತಮ್ಮ. 'ಸುಡಾನಿ ಫ್ರಂ ನೈಜೀರಿಯಾ' ಹಾಕಿದ. 2018ರ ಸಿನೆಮಾ. ಝಕರಿಯಾ ಮುಹಮ್ಮದ್ ಅವರ ಮೊದಲ ನಿರ್ದೇಶನ. ಮಲಪ್ಪುರಂನಲ್ಲಿ ಸೆವೆನ್ಸ್ ಫುಟ್‌ಬಾಲ್ ತಂಡ ನಡೆಸುವ ಮಜೀದ್, ಅವನ ತಂಡದಲ್ಲಿ ಆಡಲು ನೈಜೀರಿಯಾದಿಂದ ಬಂದ ಸ್ಯಾಮುವೆಲ್. ಸ್ಯಾಮುವೆಲ್‌ಗೆ ಏಟಾಗಿ ಮಜೀದ್‌ನ ಮನೆಯಲ್ಲೇ ಮಲಗಬೇಕಾಗುತ್ತದೆ. ಅವನನ್ನು ನೋಡಿಕೊಳ್ಳುವವರು ಮಜೀದ್‌ನ ಉಮ್ಮ ಜಮೀಲಾ ಮತ್ತು ಪಕ್ಕದ ಮನೆಯ ಬೀಯುಮ್ಮ. ಅವರಿಗೆ ಇಂಗ್ಲಿಷ್ ಬಾರದು, ಅವನಿಗೆ ಮಲಯಾಳಂ ಬಾರದು. ಆದರೂ ಮಾತು ನಿಲ್ಲುವುದಿಲ್ಲ.

ನಾವು ಸಿನೆಮಾವನ್ನು ನೋಡುವುದು ಬಿಟ್ಟು ಉಮ್ಮನನ್ನು ನೋಡುತ್ತಿದ್ದೆವು. ಜಮೀಲಾ ಅಡುಗೆಕೋಣೆಯಿಂದ ಬಾಗಿಲಿನವರೆಗೆ ಬಂದು ಒಳಗೆ ಹೋಗುವ ರೀತಿಗೆ, ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಳ್ಳುವ ರೀತಿಗೆ ಉಮ್ಮ ನಗುತ್ತಿದ್ದರು. ಮಗ ಮತ್ತು ಮಲತಂದೆಯ ನಡುವೆ ಮಾತಿಲ್ಲದ ಆ ಮನೆಯಲ್ಲಿ ವಯಸ್ಸಾದ ಮನುಷ್ಯ ಸದ್ದಿಲ್ಲದೆ ಬಂದುಹೋಗುವಾಗ ಉಮ್ಮನ ನಗು ನಿಂತಿತು. ಇಲ್ಲಿಯೂ ಒಡೆದ ಕುಟುಂಬ ಉಂಟು, ಮರುಮದುವೆ ಉಂಟು, ಹಣದ ಕಷ್ಟ ಉಂಟು. ಆದರೆ ಇದೆಲ್ಲ ಚಹಾ, ಗಂಜಿ, ಫುಟ್‌ಬಾಲಿನ ನಡುವೆ ಬರುತ್ತದೆ. ನೋವು ಮನೆಯ ಒಂದು ಭಾಗ, ಇಡೀ ಮನೆ ಅಲ್ಲ.

ಆ ಇಬ್ಬರು ಉಮ್ಮಂದಿರಾದವರು ಸಾವಿತ್ರಿ ಶ್ರೀಧರನ್ ಮತ್ತು ಸರಸಾ ಬಾಲುಶ್ಶೇರಿ. ಇಬ್ಬರೂ ನಾಟಕರಂಗದಲ್ಲಿ ವರ್ಷಗಟ್ಟಲೆ ದುಡಿದವರು. ಇಬ್ಬರಿಗೂ ಕೇರಳದ ರಾಜ್ಯ ಪ್ರಶಸ್ತಿ ಬಂತು, ಸಿನೆಮಾಕ್ಕೆ ಅತ್ಯುತ್ತಮ ಮಲಯಾಳಂ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು. ಮುಸ್ಲಿಂ ಉಮ್ಮಂದಿರ ಪಾತ್ರ ಮಾಡಲು ಮುಸ್ಲಿಮರೇ ಆಗಬೇಕಿಲ್ಲ ಎಂಬುದನ್ನು ತಾರಾ, ಉಮಾಶ್ರೀ ಅವರ ಹಾಗೆ ಇವರೂ ತೋರಿಸಿಕೊಟ್ಟರು. ಬೇಕಾದದ್ದು ಕಿವಿ. ಆ ಮನೆಯ ಮಾತು ಏರುವುದೆಲ್ಲಿ, ಇಳಿಯುವುದೆಲ್ಲಿ ಎಂದು ಕೇಳಿಸಿಕೊಂಡ ಕಿವಿ. ಬರೆದವನಿಗೂ ಆ ಕಿವಿ ಬೇಕು. ಝಕರಿಯಾ ಅದೇ ಜಿಲ್ಲೆಯವರು.

ಇದೇ ನಂಟು 2012ರ 'ಉಸ್ತಾದ್ ಹೋಟೆಲ್'ನಲ್ಲೂ ಉಂಟು. ಕೋಝಿಕ್ಕೋಡ್ ಕಡಲ ತೀರದಲ್ಲಿ ಹೋಟೆಲ್ ನಡೆಸುವ ಅಜ್ಜ, ಅಡುಗೆಯವನಾಗಲು ಹೊರಟ ಮೊಮ್ಮಗ. ಆ ಸಿನೆಮಾ ಬಂದ ಮೇಲೆ ಮಂಗಳೂರಿನಲ್ಲೂ ಸುಲೈಮಾನಿ ಕೇಳುವ ಹುಡುಗರು ಜಾಸ್ತಿಯಾದರು ಎಂದು ನಮ್ಮ ಪರಿಚಯದ ಹೋಟೆಲಿನವರೊಬ್ಬರು ಹೇಳುತ್ತಿದ್ದರು.

ಮಲಬಾರಿನ ಈ ಗೆಲುವು ಒಂದೇ ದಿನದಲ್ಲಿ ಆದದ್ದಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಸಿಡಿಗಳ ಕಾಲದಲ್ಲಿ ಅಲ್ಲಿ 'ಹೋಂ ಸಿನೆಮಾ' ಎಂಬುದು ಹುಟ್ಟಿತು. ಸಲಾಂ ಕೊಡಿಯತ್ತೂರ್ ಅವರಂಥವರು ಕಡಿಮೆ ಹಣದಲ್ಲಿ ಮನೆಮಂದಿ ಒಟ್ಟಿಗೆ ಕುಳಿತು ನೋಡುವ ಕಥೆಗಳನ್ನು ಚಿತ್ರೀಕರಿಸಿ ಸಿಡಿ ಮಾಡಿ ಮಾರಿದರು. ಥಿಯೇಟರಿಗೆ ಹೋಗದ ಮನೆಗಳಿಗೆ, ಗಲ್ಫಿನ ಕೋಣೆಗಳಿಗೆ ಅವು ತಲುಪಿದವು. ತಾಂತ್ರಿಕವಾಗಿ ಅವು ಸಾಧಾರಣ, ಉಪದೇಶ ಜಾಸ್ತಿ. ಆದರೆ ನೋಡುವವರು ತಯಾರಾದರು. ಸಿನೆಮಾ ಮಾಡಬಹುದೇ, ಹೇಗೆ ಮಾಡಬಹುದು, ಗಂಡ ಹೆಂಡತಿಯಾಗಿ ಯಾರು ನಟಿಸಬಹುದು ಎಂಬ ಚರ್ಚೆಗಳೂ ಅಲ್ಲೇ ಆದವು. ಆ ಚರ್ಚೆಯನ್ನೇ ಇಟ್ಟುಕೊಂಡು ಝಕರಿಯಾ 2020ರಲ್ಲಿ 'ಹಲಾಲ್ ಲವ್ ಸ್ಟೋರಿ' ಎಂಬ ಸಿನೆಮಾ ಮಾಡಿದರು. ಒಂದು ಧಾರ್ಮಿಕ ಸಂಘಟನೆಯವರು ಟೆಲಿಫಿಲ್ಮ್ ಮಾಡಲು ಹೊರಡುವುದೇ ಅದರ ಕಥೆ. ತಮ್ಮವರನ್ನು ನೋಡಿ ತಾವೇ ನಗುವಷ್ಟು ದೂರ ಅವರು ಬಂದಿದ್ದರು.

ಪಕ್ಕದ ಮನೆಯ ತುಳು

ಮಲಬಾರ್ ದೂರ ಎನ್ನುವವರು ಪಕ್ಕದ ಮನೆಯನ್ನೇ ನೋಡಲಿ. ಮೊದಲ ತುಳು ಸಿನೆಮಾ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ಆಮೇಲೆ ದಶಕಗಳ ಕಾಲ ತುಳುವಿನಲ್ಲಿ ಅಲ್ಲೊಂದು ಇಲ್ಲೊಂದು ಸಿನೆಮಾ. 2011ರಲ್ಲಿ, ಅಂದರೆ ನಮ್ಮ 'ಬ್ಯಾರಿ' ತಯಾರಾದ ವರ್ಷವೇ, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ 'ಒರಿಯರ್ದೊರಿ ಅಸಲ್' ಬಂತು. ಅದಕ್ಕೆ ಸ್ವರ್ಣಕಮಲ ಬರಲಿಲ್ಲ, ಜನ ಬಂದರು. ಅದರ ಬೆನ್ನಿಗೇ ತುಳು ಸಿನೆಮಾಗಳ ಸಾಲು ಶುರುವಾಯಿತು. 2014ರ 'ಚಾಲಿಪೋಲಿಲು' 500 ದಿನ ದಾಟಿ ಓಡಿತು.

ಜನ ಎಲ್ಲಿಂದ ಬಂದರು? ನಾಟಕದ ಬಯಲಿನಿಂದ. 'ಒರಿಯರ್ದೊರಿ ಅಸಲ್' ಮೊದಲು ನಾಟಕವಾಗಿ ಊರೂರು ಸುತ್ತಿದ್ದು. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು ಪರದೆಯ ಮೇಲೆ ಬರುವ ಮೊದಲೇ ತುಳುನಾಡಿನ ಮನೆಮಾತು. ಯಾವ ಮಾತಿಗೆ ಜನ ನಗುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎಂದು ಅವರಿಗೆ ನೂರಾರು ರಾತ್ರಿ ಎದುರಿಗೇ ನೋಡಿ ಗೊತ್ತಿತ್ತು. ಸಿನೆಮಾ ಮಾಡುವವನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಇಲ್ಲ.

2025ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ' ಕೂಡ ಅದೇ ಮಣ್ಣಿನದ್ದು. ಹೆಸರಿನ ಅರ್ಥವೇ ಸೋಮೇಶ್ವರದ ಸುಲೋಚನ. ನಮ್ಮ ಉಳ್ಳಾಲದ ಪಕ್ಕದ ಸೋಮೇಶ್ವರ! ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡ್ ತುಳು ರಂಗಭೂಮಿಯಲ್ಲಿ ಪಳಗಿದವರು. ದೊಡ್ಡ ಹೀರೋ ಇಲ್ಲ, ಒಂದು ಊರು, ಒಂದು ದೆವ್ವದ ಸುದ್ದಿ, ಒಬ್ಬರಿಗೊಬ್ಬರು ಹೇಳಿ ಬೆಳೆಸುವ ಸುಳ್ಳು. ಬಿಡುಗಡೆಗೆ ಮೊದಲು ಹೆಚ್ಚು ಸದ್ದಿರಲಿಲ್ಲ. ನೋಡಿದವರು ಹೇಳಿ ಹೇಳಿಯೇ ಶೋ ಹೆಚ್ಚಾದವು. ಮಂಗಳೂರು ಕನ್ನಡ ಮಂಡ್ಯದವರಿಗೆ ಅರ್ಥವಾಗುತ್ತದಾ ಎಂಬ ಹೆದರಿಕೆ ಮೊದಲು ಇತ್ತು. ಅರ್ಥವಾಯಿತು. ತನ್ನ ಊರನ್ನು ಚೆನ್ನಾಗಿ ಬಲ್ಲವನು ಹೇಳಿದ ಕಥೆ ಬೇರೆ ಊರಿನವನಿಗೂ ತಲುಪುತ್ತದೆ.

ನಮ್ಮಲ್ಲಿ ಏನುಂಟು, ಏನಿಲ್ಲ

ಈಗ ನಮ್ಮ ಕಡೆ ತಿರುಗೋಣ. 'ಬ್ಯಾರಿ' ಸಿನೆಮಾಕ್ಕೆ ಮೊದಲು ನಮ್ಮಲ್ಲಿ ಅಂಥ ನಾಟಕದ ಬಯಲು ಇರಲಿಲ್ಲ. ಬ್ಯಾರಿಯಲ್ಲಿ ನಾಟಕವೇ ಆಗಿಲ್ಲ ಎಂದಲ್ಲ. ಆದರೆ ಟಿಕೆಟ್ ಕೊಟ್ಟು ಜನ ಬರುವ, ವರ್ಷಕ್ಕೆ ನೂರು ಕಡೆ ಆಡುವ ತಂಡಗಳು ಎಲ್ಲಿದ್ದವು? ಮನೆಮನೆಗೆ ಹೋಗುವ ಸಿಡಿ ಸಿನೆಮಾಗಳ ಕಾಲವೂ ನಮ್ಮಲ್ಲಿ ಹಾಗೆ ಬರಲಿಲ್ಲ. ಮಲಬಾರಿನವರದ್ದನ್ನೇ ತಂದು ನೋಡಿದೆವು. ಹೀಗಾಗಿ ನಮ್ಮ ಮೊದಲ ಸಿನೆಮಾ ಕೆಳಗಿನ ಮೆಟ್ಟಿಲುಗಳಿಲ್ಲದೆ ನೇರ ಮೇಲೆ ಹೋಗಿ ನಿಂತಿತು. ಅಲ್ಲಿಂದ ಅದನ್ನು ಮನೆಗೆ ಇಳಿಸಲು ದಾರಿ ಇರಲಿಲ್ಲ. ಇದು ಸುವೀರನ್ ಅವರ ತಪ್ಪಲ್ಲ. ಹೊರಗಿನವರೊಬ್ಬರು ಬಂದು ನಮ್ಮ ಭಾಷೆಯಲ್ಲಿ ಸಿನೆಮಾ ಮಾಡಿದರಲ್ಲ ಎಂದು ಕೃತಜ್ಞತೆ ಹೇಳಬೇಕು. ನೋಡುವವರನ್ನು ತಯಾರು ಮಾಡುವುದು ನಮ್ಮ ಕೆಲಸವಾಗಿತ್ತು.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಬ್ಯಾರಿಯಲ್ಲಿ ಐದು ಹತ್ತು ನಿಮಿಷದ ತಮಾಷೆಯ ವೀಡಿಯೊ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರು ಬೇಕಾದಷ್ಟು ಇದ್ದಾರೆ. ಉಮ್ಮನ ವೇಷ ಹಾಕಿ ಬೈಯುವ ಹುಡುಗನನ್ನು ನೋಡಿ ಮನೆಯವರೆಲ್ಲ ನಗುತ್ತಾರೆ, ಆಮೇಲೆ ಅದೇ ಹುಡುಗ ಮದುವೆ ಮನೆಯಲ್ಲಿ ಸಿಕ್ಕಿದರೆ "ಇದೆಂಥ ಕೆಲಸ ಮಾರಾಯ, ಬೇರೆ ಏನಾದ್ರೂ ನೋಡು" ಎಂದು ಬುದ್ಧಿ ಹೇಳುತ್ತಾರೆ. ಹಿರಿಯರಿಗೆ ಬೇಸರವಾಗಬಾರದು, ಆದರೆ ತುಳು ಸಿನೆಮಾಕ್ಕೆ ನಾಟಕ ಏನಾಗಿತ್ತೋ, ಮಲಬಾರಿಗೆ ಸಿಡಿ ಏನಾಗಿತ್ತೋ, ನಮಗೆ ಈ ಹುಡುಗರ ವೀಡಿಯೊಗಳು ಹಾಗೆ ಆಗಬಹುದು. ಅವರಲ್ಲಿ ಹೆಚ್ಚಿನವರಿಗೆ ಕ್ಯಾಮೆರಾ ಉಂಟು, ಕಿವಿಯೂ ಉಂಟು. ಇಲ್ಲದ್ದು ಕಥೆ. ಬರೆಯುವವರು ಆ ಕಡೆ ಹೋಗಿಲ್ಲ, ಅವರೂ ಬರೆಯುವವರ ಮನೆ ಬಾಗಿಲು ತಟ್ಟಿಲ್ಲ. ಬ್ಯಾರಿ ಮತ್ತು ಕನ್ನಡದಲ್ಲಿ ಕಥೆ ಬರೆಯುವ ನಮ್ಮವರು ಈ ಹುಡುಗರ ಜೊತೆ ಒಂದು ಸಂಜೆ ಕುಳಿತರೆ ಏನು ನಷ್ಟ?

ಇದರಲ್ಲಿ ಬರೀ ಮನರಂಜನೆಯ ವಿಷಯ ಇಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಬ್ಯಾರಿ ಕೇಳುತ್ತಾರೆ, ಉತ್ತರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೊಡುತ್ತಾರೆ. ಅವರಿಗೆ ಮಲಯಾಳಂ ಸಿನೆಮಾದ ತಮಾಷೆ ಬಾಯಿಪಾಠ, ನಮ್ಮ ಅಜ್ಜಿಯಂದಿರ ಗಾದೆ ಗೊತ್ತಿಲ್ಲ. ಮಗು ತಾನು ನಗುವ ಭಾಷೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಬ್ಯಾರಿಯಲ್ಲಿ ಅಳಿಸುವ ಸಿನೆಮಾ ಬಂದಾಯಿತು, ಅದಕ್ಕೆ ದೇಶದ ಮರ್ಯಾದೆಯೂ ಸಿಕ್ಕಿತು. ಮನೆಮಂದಿಯನ್ನೆಲ್ಲ ಒಟ್ಟಿಗೆ ನಗಿಸುವ ಸಿನೆಮಾಕ್ಕೆ ನಾವು ಇನ್ನೂ ಕಾಯುತ್ತಿದ್ದೇವೆ.

ಅಂದು 'ಸುಡಾನಿ' ಮುಗಿದ ಮೇಲೆ ಮಗಳು ಉಮ್ಮನನ್ನು ಕೇಳಿದಳು: "ನಮ್ಮ ಭಾಷೆಯಲ್ಲಿ ಸಿನೆಮಾ ಮಾಡಿದ್ರೆ ಯಾರ ಕಥೆ ಮಾಡ್ಬೇಕು?"

ಉಮ್ಮ ಯೋಚಿಸಲೇ ಇಲ್ಲ. "ಮದುವೆ ಮನೆಯ ಬಿರಿಯಾನಿ ಭಟ್ಟಿಯವನದ್ದು ಮಾಡಿ. ಎಲ್ಲರ ಮನೆಯ ಗುಟ್ಟು ಅವನಿಗೆ ಗೊತ್ತುಂಟು. ಯಾರು ನೆಂಟರಿಗೆ ಮಾಂಸ ಕಡಿಮೆ ಹಾಕಿಸಿದ್ರು, ಯಾರು ಸಾಲ ಮಾಡಿ ಸಾವಿರ ಜನಕ್ಕೆ ಊಟ ಹಾಕಿದ್ರು, ಎಲ್ಲ."

ಓದುಗರಲ್ಲಿ ಒಂದು ವಿನಂತಿ. 'ಬ್ಯಾರಿ' ಸಿನೆಮಾವನ್ನು ಅಂದು ನೋಡಿದವರು ನಿಮ್ಮಲ್ಲಿ ಇರಬಹುದು. ಎಲ್ಲಿ ನೋಡಿದಿರಿ, ಯಾರ ಜೊತೆ ನೋಡಿದಿರಿ, ಹೊರಗೆ ಬಂದಾಗ ಮನೆಯವರು ಏನು ಹೇಳಿದರು ಎಂದು ನಾಲ್ಕು ಸಾಲು ಬರೆದು ಈ ಪುಟಕ್ಕೆ ಕಳಿಸಿ. ಹಾಗೆಯೇ, ನಿಮ್ಮ ಮನೆಯ ಉಮ್ಮನನ್ನೂ ಅದೇ ಪ್ರಶ್ನೆ ಕೇಳಿ ನೋಡಿ. ಯಾರ ಕಥೆ ಮಾಡಬೇಕು ಎಂದು ಅವರು ಹೇಳಿದ್ದನ್ನು ಹಾಗೆಯೇ, ಅವರದ್ದೇ ಮಾತಿನಲ್ಲಿ ಬರೆದು ಕಳಿಸಿ.